ಕೆರೆ ದಂಡೆಯ ರಂಗಕ್ಕೆ ಎಷ್ಟು ಬಾಡಿಗೆ?



ಹೋದ ಸುಗ್ಗಿಯ ಹೊತ್ತಿಗೆ ತಡಸದಿಂದ ನನಗೊಂದು ಫೋನು ಬಂತು. ಮಾತಾಡಿದವನು ನನ್ನ ಗೆಳೆಯನ ಮಗ. ಹುಬ್ಬಳ್ಳಿಯಲ್ಲಿ ನೌಕರಿ, ಲಗ್ನ ಗೊತ್ತಾಗಿದೆ. “ಕಾಕಾ, ಕೆರಿ ದಂಡಿ ಮ್ಯಾಲಿನ ನಾಟಕದ ಕಟ್ಟಿ ಐತೆಲ್ಲಾ, ಅದನ್ನ ಒಂದ ದಿನದ ಮಟ್ಟಿಗೆ ಬಾಡಿಗಿಗೆ ಕೊಡತಾರೇನ್ರಿ? ನಿಶ್ಚಯ ಕಾರ್ಯ ಅಲ್ಲೇ ಮಾಡೂಣು ಅಂತ ಮನ್ಯಾಗ ಎಲ್ಲಾರೂ ಅನ್ನಾಕತ್ತಾರ. ಸಂಜೀಮುಂದ ನೀರಿನ ಮ್ಯಾಲ ಬಿಸಲ ಬಿದ್ದಾಗ ಫೋಟೋ ಭಾಳ ಚೊಲೋ ಬರ್ತಾವ್ರಿ” ಎಂದ.

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಕೂಡಲೇ ‘ಹೂಂ’ ಅನ್ನಲಿಕ್ಕೆ ಆಗಲಿಲ್ಲ. “ನಾಳಿಗೆ ಹೇಳತೇನಪ್ಪಾ” ಎಂದು ಫೋನು ಇಟ್ಟೆ. ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ತಡಸ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಊರು. ಹುಬ್ಬಳ್ಳಿಯಿಂದ ಬೆಂಗಳೂರ ಕಡೆಗೆ ಹೊರಟರೆ ಶಿಗ್ಗಾವಿಗೆ ಮೊದಲು ಸಿಗುವ ಕ್ರಾಸು. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಮುಂಡಗೋಡ, ಶಿರಸಿ. ಬಯಲುಸೀಮೆ ಮುಗಿದು ಅರೆಮಲೆನಾಡು ಶುರುವಾಗುವ ಅಂಚು ಅದು. ಒಂದು ಕಡೆ ಹತ್ತಿ, ಗೋವಿನಜೋಳ. ಇನ್ನೊಂದು ಕಡೆ ಭತ್ತ. ಇಂಥ ಅಂಚಿನಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಶಿಗ್ಗಾವಿಗೆ ನಾಗನೂರು ಕೆರೆ, ಹಾನಗಲ್ಲಿಗೆ ಆನೆಕೆರೆ, ಸವಣೂರಿಗೆ ಮೋತಿ ತಲಾಬ. ಹಿರೇಕೆರೂರಿಗಂತೂ ಹೆಸರಿನಲ್ಲೇ ಕೆರೆಯಿದೆ. ಸಣ್ಣ ಹಳ್ಳಿಗೂ ಒಂದು ಕೆರೆ, ಕೆರೆಗೊಂದು ದಂಡೆ, ದಂಡೆಯ ಮೇಲೆ ದ್ಯಾಮವ್ವನದೋ ದುರ್ಗವ್ವನದೋ ಗುಡಿ. ಗುಡಿ ಇದ್ದಲ್ಲಿ ಜಾತ್ರೆ, ಜಾತ್ರೆ ಇದ್ದಲ್ಲಿ ನಾಟಕ. ಹೀಗೆ ನಮ್ಮ ಸೀಮೆಯಲ್ಲಿ ಎಷ್ಟೋ ನಾಟಕದ ಕಟ್ಟೆಗಳು ನೀರಿನ ಮಗ್ಗುಲಲ್ಲೇ ಬೆಳೆದವು.

ನಾನು ಹೇಳುತ್ತಿರುವ ಕಟ್ಟೆ ತಡಸದ ಸುತ್ತಿನ ಒಂದು ಹಳ್ಳಿಯದು. ಊರ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ. ಎದೆಮಟ್ಟದ ಕಲ್ಲಿನ ಕಟ್ಟೆ, ಮೂರು ಕಡೆ ಗೋಡೆ, ಮೇಲೆ ಮಂಗಳೂರು ಹೆಂಚು. ಮುಖ ಕೆರೆಯ ಕಡೆಗೆ. ಬೇಸಿಗೆಯ ಜಾತ್ರೆಯ ಹೊತ್ತಿಗೆ ನೀರು ಹಿಂದೆ ಸರಿದಿರುತ್ತದೆ, ಜನ ಕೆರೆಯಂಗಳದಲ್ಲೇ ಚಾಪೆ, ಕಂಬಳಿ ಹಾಸಿಕೊಂಡು ಕೂತು ನಾಟಕ ನೋಡುತ್ತಾರೆ. ಅವರ ಬೆನ್ನಿಗೆ ನೀರು, ನೀರಿನಾಚೆ ಇನ್ನೊಂದು ದಂಡೆ. ಮಳೆಗಾಲದಲ್ಲಿ ಅದೇ ನೀರು ಕಟ್ಟೆಯ ಮೆಟ್ಟಿಲ ತನಕ ಬರುತ್ತದೆ.

ಒಳಗೆ ಅಡ್ಡ ಹಾಕಿದ ದಪ್ಪ ತೊಲೆಗೆ ಕಬ್ಬಿಣದ ಕೊಂಡಿಗಳಿವೆ, ಪರದೆ ಏರಿಸುವ ಎರಡು ರಾಟೆಗಳಿವೆ. ಹುಡುಗನಿದ್ದಾಗ ಎರಡು ವರ್ಷ ಆ ರಾಟೆಯ ಹಗ್ಗ ಹಿಡಿದವನು ನಾನು. ಪೇಟಿ ಮಾಸ್ತರರ ಪಕ್ಕದಲ್ಲಿ ನಿಂತವರು ಸೀಟಿ ಊದಿದರೆ ಬೀದಿ ಸೀನು ಮೇಲೆ ಹೋಗಿ ದರ್ಬಾರ ಸೀನು ಕಾಣಬೇಕು. ಸೀಟಿಗೂ ಪರದೆಗೂ ನಡುವೆ ಒಂದು ಉಸಿರಿನಷ್ಟು ತಡವಾದರೂ ಮಾಸ್ತರರು ಕಣ್ಣು ಕೆಂಪು ಮಾಡುತ್ತಿದ್ದರು. ಅಂಗೈ ಮೇಲೆ ಹಗ್ಗದ ಗೆರೆ ಮೂಡಿ ವಾರಗಟ್ಟಲೆ ಉರಿಯುತ್ತಿತ್ತು. ಶಾಲೆಯಲ್ಲಿ ಆ ಕೈ ತೋರಿಸುವುದೆಂದರೆ ನನಗೆ ದೊಡ್ಡ ಹೆಮ್ಮೆ.

ಕಟ್ಟೆಯ ಎಡಕ್ಕೆ ಒಂದು ಕೋಣೆ. ಅದನ್ನು ಬಣ್ಣದ ಕೋಣೆ ಅನ್ನುತ್ತಿದ್ದೆವು. ಅದರ ಒಳಗೋಡೆಯ ಮೇಲೆ ಇದ್ದಿಲಿನಲ್ಲಿ, ಕಾಡಿಗೆಯಲ್ಲಿ, ಕೆಲವು ಕಡೆ ಬಣ್ಣದ ಕುಂಚದಲ್ಲಿ ಬರೆದ ಹೆಸರುಗಳಿದ್ದವು. ಯಾರು, ಯಾವ ಪಾತ್ರ, ಯಾವ ಇಸವಿ. ನಾಟಕ ಮುಗಿದ ಬೆಳಗಿನ ಜಾವ ಮುಖದ ಬಣ್ಣ ಒರೆಸಿಕೊಳ್ಳುವ ಮೊದಲು ಹೆಸರು ಬರೆಯುವುದು ಊರಿನ ರೂಢಿ. ಅಕ್ಷರ ಬಾರದವರು ಮಗನ ಕೈಯಲ್ಲಿ ಬರೆಸುತ್ತಿದ್ದರು. ಬೇರೆ ಊರಿನಿಂದ ಬಂದ ಪಾತ್ರಧಾರಿಣಿಯರು ಹೆಸರು ಬರೆಯದೆ ಅಂಗೈಗೆ ಕುಂಕುಮ ಹಚ್ಚಿ ಗೋಡೆಗೆ ಒತ್ತಿದ್ದರು. ಆ ಕೆಂಪು ಅಂಗೈಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ.

ಈಗ ಅವು ಇಲ್ಲ. ಮೂರು ವರ್ಷದ ಹಿಂದೆ ಕಟ್ಟೆಯನ್ನು ಒಂದು ಸಮಾರಂಭಕ್ಕೆ ಬಾಡಿಗೆಗೆ ಕೊಟ್ಟರು. ಹಿಡಿದವರು ಊರಿನವರಲ್ಲ. ಬಣ್ಣದ ಕೋಣೆ ಹೆಣ್ಣಿನ ಕಡೆಯವರಿಗೆ ಸಿಂಗಾರದ ಕೋಣೆಯಾಗಬೇಕಿತ್ತು. ಗೋಡೆ ಹೊಲಸಾಗಿದೆ ಅನ್ನಿಸಿತೋ ಏನೋ, ಅಲಂಕಾರದ ಗುತ್ತಿಗೆ ಹಿಡಿದವರು ಒಂದೇ ಮಧ್ಯಾಹ್ನದಲ್ಲಿ ಎರಡು ಕೈ ಬಣ್ಣ ಬಳಿದರು. ತೊಲೆಗೆ ಮೊಳೆ ಹೊಡೆದು ಬಟ್ಟೆ ಬಿಗಿದರು. ರಾಟೆ ಅಡ್ಡ ಬಂತೆಂದು ಒಂದನ್ನು ಕಿತ್ತು ಕೆಳಗಿಟ್ಟರು. ಮರುದಿನ ನಾನು ಹೋಗಿ ನೋಡಿದಾಗ ಕೋಣೆ ತುಂಬ ಹೊಸ ಬಣ್ಣದ ವಾಸನೆ. ಕೆರೆಯಂಗಳದಲ್ಲಿ ಥರ್ಮಾಕೋಲಿನ ಚೂರು, ಪ್ಲಾಸ್ಟಿಕ್ಕಿನ ಲೋಟ. ಬಾಡಿಗೆಯ ಹಣ ಸರಿಯಾಗಿ ಬಂದಿತ್ತು, ಪಾವತಿಯೂ ಇತ್ತು. ಕಾಗದದ ಮೇಲೆ ಯಾರದೂ ತಪ್ಪಿರಲಿಲ್ಲ. ಗೋಡೆ ಬಳಿಯಬಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಊರಿನವರಾದ ನಾವೇ ಬರೆದಿಟ್ಟಿರಲಿಲ್ಲ. ಅದಕ್ಕೇ ಯಾರ ಹೆಸರನ್ನೂ ಹೇಳಲಿಕ್ಕೆ ನನಗೆ ಮನಸ್ಸಿಲ್ಲ.

ಇದನ್ನು ಕೇಳಿದವರು ‘ಹಾಗಾದರೆ ನಾಟಕದ ಕಟ್ಟೆಯನ್ನು ಲಗ್ನ, ಮುಂಜಿವೆಗೆ ಕೊಡಲೇಬಾರದು’ ಎಂದಾರು. ನನ್ನ ಅಭಿಪ್ರಾಯ ಅದಲ್ಲ. ರಂಗಕ್ಕೂ ಬಾಡಿಗೆಗೂ ಹಳೆಯ ನಂಟು. ಮರಾಠಿ ಮಂಡಳಿಗಳು ಧಾರವಾಡ ಸೀಮೆಯನ್ನೆಲ್ಲ ತುಂಬಿಕೊಂಡಿದ್ದ ಕಾಲದಲ್ಲಿ ಕನ್ನಡದಲ್ಲಿ ನಾಟಕ ಬರೆದು, ಗದಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1856ರಲ್ಲಿ ಹುಟ್ಟಿದ್ದು ನಮ್ಮ ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ. ಅವರ ತರುವಾಯ ಗದಗಿನ ಗರುಡ ಸದಾಶಿವರಾಯರು, ಶಿರಹಟ್ಟಿಯ ವೆಂಕೋಬರಾಯರು, ಏಣಗಿ ಬಾಳಪ್ಪನವರು, ಗುಡಗೇರಿಯ ಬಸವರಾಜರು ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಕಂಪನಿ ಎಂದರೆ ಸ್ವಂತ ಮನೆಯಿಲ್ಲದ ಸಂಸಾರ. ಬಯಲು ಜಾಗ ಬಾಡಿಗೆಗೆ ಹಿಡಿಯಬೇಕು, ತಗಡು ಹೊದಿಸಿ ಥೇಟರು ನಿಲ್ಲಿಸಬೇಕು, ಎರಡು ಮೂರು ತಿಂಗಳು ಕ್ಯಾಂಪು ಮಾಡಬೇಕು. ಕಲೆಕ್ಷನ್ ಬಿದ್ದರೆ ಊಟಕ್ಕೂ ತತ್ವಾರ.

ಅಂಥ ಹೊತ್ತಿನಲ್ಲಿ ಕಂಪನಿಗಳನ್ನು ಕಾಪಾಡಿದ್ದು ಸಹಾಯಾರ್ಥ ಆಟಗಳು. ಶಾಲೆಯ ಕಟ್ಟಡಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ಊರಿನವರು ಒಂದು ರಾತ್ರಿಯ ಆಟವನ್ನು ಇಡಿಯಾಗಿ ತಾವೇ ಕೊಳ್ಳುತ್ತಿದ್ದರು. ಕಂಪನಿಗೆ ಮಾತಾಡಿದ ಹಣ ಕೊಟ್ಟು, ಟಿಕೀಟು ಮಾರಿ, ಉಳಿದದ್ದನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಅದೂ ಒಂದು ಥರದ ಖಾಸಗಿ ಬಾಡಿಗೆಯೇ. ಅದರಿಂದ ಕಂಪನಿಯ ಕೈಗೂ ಕಾಸು ಸೇರಿತು, ಊರಿನ ಕೆಲಸವೂ ನಡೆಯಿತು.

ಬಾದಾಮಿಯ ಬನಶಂಕರಿ ಜಾತ್ರೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ನಾಟಕವೇ ನಾಟಕ. ಗುಡಿಯ ಮುಂದೆ ಕಲ್ಲಿನ ಪಡಸಾಲೆ ಕಟ್ಟಿದ ಹರಿದ್ರಾತೀರ್ಥದ ಹೊಂಡ. ಅದರ ಸುತ್ತಿನ ಬಯಲಿನಲ್ಲಿ ಹೊಲಗಳಲ್ಲೆಲ್ಲ ಸಾಲಾಗಿ ಕಂಪನಿಗಳ ಥೇಟರು. ಒಂದೇ ದಿನಕ್ಕೆ ಮೂರು ನಾಲ್ಕು ಆಟ, ಕೊನೆಯ ಆಟ ಮುಗಿಯುವಾಗ ಮೂಡಲ ಬೆಳಕು. ವರ್ಷದ ಗಂಜಿಯ ದೊಡ್ಡ ಪಾಲನ್ನು ಎಷ್ಟೋ ಕಲಾವಿದರು ಆ ಒಂದು ಜಾತ್ರೆಯಲ್ಲೇ ದುಡಿಯುತ್ತಾರೆ. ಜಾಗದ ಬಾಡಿಗೆ ಅಲ್ಲೂ ಇದೆ. ಆದರೆ ಆ ಬಾಡಿಗೆ ಕೊಡುವುದು ನಾಟಕಕ್ಕಾಗಿ.

ನೀರಿನ ಪಕ್ಕದಲ್ಲಿ ರಂಗ ಏಕೆ ಬಂತು ಎಂಬುದನ್ನೂ ಹೇಳಬೇಕು. ದೇವಿ ಕೆರೆಯ ದಂಡೆಯಲ್ಲಿ ಕೂತಿದ್ದಾಳೆ ಎಂಬುದು ಒಂದು ಕಾರಣ. ಸುಗ್ಗಿ ಮುಗಿದ ಮೇಲೆ ಊರ ಮಂದಿಯೆಲ್ಲ ಕೂಡುವಷ್ಟು ಸಮನಾದ, ಯಾರ ಬೆಳೆಯನ್ನೂ ತುಳಿಯದ ಬಯಲು ಎಂದರೆ ಕೆರೆಯಂಗಳ ಎಂಬುದು ಇನ್ನೊಂದು. ಮೂರನೆಯದು ದನಿ. ದೊಡ್ಡಾಟದ ಭಾಗವತರಿಗೆ ಮೈಕು ಇರಲಿಲ್ಲ. ಅಟ್ಟದ ಮೇಲೆ ನಿಂತು ಹಾಡಿದರೆ ಹಿಂದಿನ ಸಾಲಿಗೂ ಕೇಳಬೇಕು. ಸಂಜೆಯಾದ ಮೇಲೆ ನೀರಿನ ಮೈಗೆ ತಾಗಿದ ಗಾಳಿ ತಂಪಾಗಿರುತ್ತದೆ, ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಸದ್ದು ಬೆಚ್ಚನೆಯ ಗಾಳಿಯಲ್ಲಿ ಬೇಗ ಸಾಗುತ್ತದೆ, ತಂಪಿನಲ್ಲಿ ನಿಧಾನ. ಹಾಗಾಗಿ ಮೇಲಕ್ಕೆ ಹಾರಿಹೋಗಬೇಕಾದ ದನಿ ಮತ್ತೆ ನೀರಿನ ಕಡೆಗೇ ಬಾಗುತ್ತದೆ, ಗಾಳಿ ಬೀಸದ ರಾತ್ರಿ ಬಹಳ ದೂರ ಹೋಗುತ್ತದೆ. ಆಚೆ ದಂಡೆಯ ಹೊಲದ ಗುಡಿಸಲಿನಲ್ಲಿ ಮಲಗಿದವರು ಮರುದಿನ ಬಂದು ‘ನಿನ್ನೆ ರಾತ್ರಿ ಕೀಚಕನ ಮಾತು ಒಂದೂ ಬಿಡದೆ ಕೇಳಿದೆವು’ ಎಂದು ಹೇಳಿದ್ದನ್ನು ನಾನು ಬಲ್ಲೆ. ನಮ್ಮ ಹಿರಿಯರು ಪುಸ್ತಕ ಓದಿ ಇದನ್ನು ತಿಳಿದವರಲ್ಲ. ಕಿವಿಯಿಂದ ತಿಳಿದು ಕಟ್ಟೆಯ ಮುಖವನ್ನು ನೀರಿಗೆ ತಿರುಗಿಸಿದರು.

ಮನುಷ್ಯನ ಕೊರಳಿಗೆ ಒತ್ತಾಸೆಯಾಗಿ ನಿಂತ ಅದೇ ನೀರು ಇವತ್ತು ಡಿಜೆಯ ಸದ್ದನ್ನೂ ಹೊತ್ತುಕೊಂಡು ಹೋಗುತ್ತದೆ. ಕೆರೆ ದಂಡೆಯ ಮೇಲೆ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ ಹಚ್ಚಿದರೆ ಆಚೆ ಊರಿನ ತೊಟ್ಟಿಲ ಕೂಸು ಏಳುತ್ತದೆ, ಹಾಸಿಗೆ ಹಿಡಿದ ಮುದುಕರು ನರಳುತ್ತಾರೆ, ಕೆರೆಯ ಜಾಲಿಗಿಡಗಳಲ್ಲಿ ರಾತ್ರಿ ಕೂತ ಬೆಳ್ಳಕ್ಕಿಗಳು ಕತ್ತಲಲ್ಲೇ ಎದ್ದು ಹಾರುತ್ತವೆ. ನಮ್ಮ ತಡಸದಿಂದ ಮುಂಡಗೋಡ ಕಡೆಗೆ ಹೋದರೆ ಅತ್ತಿವೇರಿ ಪಕ್ಷಿಧಾಮ ಸಿಗುತ್ತದೆ. ಅಲ್ಲಿಗೆ ಬರುವ ಹಕ್ಕಿ ಅತ್ತಿವೇರಿಯ ನೀರನ್ನಷ್ಟೇ ನಂಬಿ ಬದುಕುವುದಿಲ್ಲ; ಸುತ್ತಿನ ನಮ್ಮ ಕೆರೆಗಳಲ್ಲೂ ಮೇಯುತ್ತದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಹತ್ತಿರ ಮಾನಸಗಂಗೋತ್ರಿಯ ಬಯಲು ರಂಗಮಂದಿರವಿದೆ. ಎಷ್ಟು ಸೊಗಸಾದ ಜಾಗ! ದಸರೆಯ ಹೊತ್ತಿನ ಯುವಕರ ಕಾರ್ಯಕ್ರಮಗಳಿಗೆ ಅಲ್ಲಿ ಜನಸಾಗರ. ಆ ಅಬ್ಬರದಿಂದ ಕೆರೆಯ ಹಕ್ಕಿಗಳಿಗೆ ತೊಂದರೆಯಾಗುತ್ತದೆ ಎಂದು ಅಲ್ಲಿನ ಪರಿಸರಪ್ರೇಮಿಗಳು ಮತ್ತೆ ಮತ್ತೆ ಹೇಳಿದ್ದಾರೆ. ನಮ್ಮ ಹಳ್ಳಿಯ ಕೆರೆಗಳ ಪರವಾಗಿ ಹಾಗೆ ಹೇಳುವವರು ಬೇಕು.

ಹೊರದೇಶದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಆಸ್ಟ್ರಿಯಾ ದೇಶದಲ್ಲಿ ಕಾನ್ಸ್‌ಟನ್ಸ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಬ್ರೆಗೆನ್ಸ್ ಎಂಬ ಊರಿದೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಆ ಊರಿನವರಿಗೆ ಒಂದು ಉತ್ಸವ ಮಾಡುವ ಮನಸ್ಸಾಯಿತು. ಊರಿನಲ್ಲಿ ನಾಟಕಶಾಲೆ ಇರಲಿಲ್ಲ. ಸಾಮಾನು ಸಾಗಿಸುವ ಎರಡು ದೋಣಿಗಳನ್ನು ದಂಡೆಗೆ ಕಟ್ಟಿ, ಒಂದರ ಮೇಲೆ ಆಟ, ಇನ್ನೊಂದರ ಮೇಲೆ ವಾದ್ಯದವರು ಎಂದು ಮಾಡಿ ಮೋಝಾರ್ಟನ ಸಂಗೀತನಾಟಕ ಆಡಿಸಿದರು. ಆ ದೋಣಿಗಳ ಜಾಗದಲ್ಲಿ ಈಗ ನೀರಿನ ಮೇಲೇ ನಿಂತ ದೊಡ್ಡ ರಂಗವಿದೆ, ಎದುರಿಗೆ ಸುಮಾರು ಏಳು ಸಾವಿರ ಜನ ಕೂರುತ್ತಾರೆ. ಊರಿಗೆ ಊರೇ ಬೇಸಿಗೆಯ ಕೆಲವು ವಾರಗಳ ಆ ಉತ್ಸವದಿಂದ ಹೆಸರು ಪಡೆದಿದೆ. ಸರೋವರ ಇರುವ ಊರು ಯುರೋಪಿನಲ್ಲಿ ನೂರಾರು ಇವೆ. ಬ್ರೆಗೆನ್ಸಿಗೆ ಜನ ಹೋಗುವುದು ಆ ನೀರಿನ ಮೇಲೆ ಆಟ ನಡೆಯುತ್ತದೆ ಎಂದು.

ನಮ್ಮಲ್ಲೂ ಉದಾಹರಣೆಗಳಿಗೆ ಬರವಿಲ್ಲ. ಬೆಂಗಳೂರಿನ ರಂಗಶಂಕರ 2004ರ ಅಕ್ಟೋಬರಿನಲ್ಲಿ ತೆರೆಯಿತು. ಅದು ಶಂಕರನಾಗರ ನೆನಪಿನ ರಂಗ. ನಮ್ಮ ತಡಸದ ಮುಂದೆಯೇ ಹಾಯ್ದುಹೋಗುವ ಹೆದ್ದಾರಿಯಲ್ಲಿ, ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ, 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ಅವರು ತೀರಿಕೊಂಡರು. ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ ಆ ಮನೆ ಇರುವುದೇ ನಾಟಕಕ್ಕೆ. ಸೋಮವಾರ ಬಿಟ್ಟು ದಿನವೂ ನಾಟಕ ನಡೆಯಬೇಕು ಎಂಬುದು ಅಲ್ಲಿನ ಹಂಬಲ. ಮಹಾನಗರದಲ್ಲಿ ಅದು ಸಾಧ್ಯ, ಯಾಕೆಂದರೆ ನೋಡುವವರಿದ್ದಾರೆ. ಹಳ್ಳಿಯ ಕಟ್ಟೆಯ ಮೇಲೆ ವರ್ಷಕ್ಕೆ ಮೂರೋ ನಾಲ್ಕೋ ನಾಟಕ. ಉಳಿದ ದಿನ ಅದು ಖಾಲಿ. ಖಾಲಿ ಬಿಟ್ಟ ಕಟ್ಟೆಗೆ ಹೆಂಚು ಜಾರುತ್ತದೆ, ಗೆದ್ದಲು ಹತ್ತುತ್ತದೆ, ರಾತ್ರಿಯಾದರೆ ಇಸ್ಪೀಟಿನವರು ಕೂರುತ್ತಾರೆ. ಆದ್ದರಿಂದ ಬೆಂಗಳೂರಿನ ನಿಯಮವನ್ನು ಹಾಗೆಯೇ ತಂದು ತಡಸದ ಕೆರೆಗೆ ಹಚ್ಚುವುದು ಸರಿಯಲ್ಲ.

ನಮಗೆ ಹತ್ತಿರದ ಮಾದರಿ ಎಂದರೆ ಹಾನಗಲ್ ತಾಲೂಕಿನ ಶೇಷಗಿರಿ. ಸಣ್ಣ ಊರು, ಬೇಸಾಯದ ಮಂದಿ. ಅಲ್ಲಿನ ಗಜಾನನ ಯುವಕ ಮಂಡಳದ ಹುಡುಗರು ನಾಟಕ ಕಟ್ಟಿ ಹೊರ ಊರುಗಳಲ್ಲೂ ಆಡಿ ಬಂದರು. ಊರಿಗೊಂದು ರಂಗಮಂದಿರ ಬಂತು, ಹೊರಗಿನ ತಂಡಗಳು ಹುಡುಕಿಕೊಂಡು ಬಂದವು. ಮಗ್ಗುಲ ಕುಂದಗೋಳದಲ್ಲಿ ನಾಡಗೀರರ ವಾಡೆ ಇದೆ. ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡಿ ಹೆಸರಾಗಿ, ಗಾಯನದಲ್ಲಿ ಗುರುವಾದ ಸವಾಯಿ ಗಂಧರ್ವರ ನೆನಪಿನಲ್ಲಿ ಆ ವಾಡೆಯಲ್ಲಿ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಮನೆ ಖಾಸಗಿಯದು, ಹಾಡು ಎಲ್ಲರದು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ, ಟಿ.ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ತೀರಿಕೊಂಡ ಆ ಕಲಾವಿದರು ಶಿಲ್ಪದಷ್ಟೇ ಪ್ರೀತಿಯಿಂದ ದೊಡ್ಡಾಟಕ್ಕೂ ದುಡಿದರು. ಇಷ್ಟೆಲ್ಲ ನಮ್ಮ ಕೈಯಳತೆಯಲ್ಲೇ ಇದೆ.

ಈಗ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೆರೆ ದಂಡೆಯ ಹಳೆಯ ರಂಗವನ್ನು ಬಾಡಿಗೆಗೆ ಕೊಡಬಹುದು. ಹೇಗೆ ಕೊಡಬೇಕು?

ಮೊದಲು ದಿನಗಳನ್ನು ಹಂಚಬೇಕು. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಜಾತ್ರೆಯ ನಾಟಕ, ತಾಲೀಮಿನ ರಾತ್ರಿಗಳು, ಶಾಲೆಯ ಮಕ್ಕಳ ಗ್ಯಾದರಿಂಗು ಇವುಗಳ ದಿನ ಗುರುತು ಹಾಕಿ, ಉಳಿದ ದಿನಗಳನ್ನು ಮಾತ್ರ ಬಾಡಿಗೆಗೆ ಬಿಡಬೇಕು. ಈಗ ಆಗುತ್ತಿರುವುದು ಇದಕ್ಕೆ ತಿರುವುಮುರುವು. ಲಗ್ನದವರು ಮುಹೂರ್ತ ನೋಡಿ ಆರು ತಿಂಗಳ ಮೊದಲೇ ಸಂಚಕಾರ ಕೊಟ್ಟುಬಿಡುತ್ತಾರೆ. ನಾಟಕದ ಹುಡುಗರಿಗೆ ಪಟ್ಟಿ ಎತ್ತಿ ಹಣ ಕೂಡುವುದೇ ಜಾತ್ರೆ ಹದಿನೈದು ದಿನ ಇದೆ ಎನ್ನುವಾಗ. ಆ ಹೊತ್ತಿಗೆ ಕಟ್ಟೆ ಖಾಲಿ ಇರುವ ದಿನವೇ ಇಲ್ಲ. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ ಕೇಳಲಿಕ್ಕೆ ನ್ಯಾಯ ಅನ್ನಿಸಿದರೂ ಇಲ್ಲಿ ಹಣವಿದ್ದವರೇ ಯಾವಾಗಲೂ ಮೊದಲು ಬರುತ್ತಾರೆ.

ದರ ಎರಡು ಇರಬೇಕು. ನಾಟಕ, ದೊಡ್ಡಾಟ, ಭಜನೆ, ಶಾಲೆಯ ಕಾರ್ಯಕ್ರಮಕ್ಕೆ ದೀಪದ ಎಣ್ಣೆಗಾಗುವಷ್ಟು. ಲಗ್ನ, ನಿಶ್ಚಯ, ಹುಟ್ಟುಹಬ್ಬ, ಕಂಪನಿಯವರ ಸಭೆಗೆ ಪೂರ್ತಿ ದರ, ಅದರ ಮೇಲೆ ಡಿಪಾಜಿಟ್ಟು. ಮದುವೆ ಹಾಲುಗಳಿಗೆ ಸಾವಿರಗಟ್ಟಲೆ ಸುರಿಯುವ ನಾವು ಊರಿನ ಕಟ್ಟೆಗೆ ಕೊಡುವಾಗ ಚೌಕಾಶಿ ಮಾಡಬಾರದು. ಬಂದ ಹಣ ಪಂಚಾಯತಿಯ ದೊಡ್ಡ ಗಂಟಿನಲ್ಲಿ ಬೆರೆತು ಹೋಗದಂತೆ ಠರಾವು ಮಾಡಿ ಬೇರೆ ಖಾತೆಯಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಆ ಹಣದಿಂದ ಮೊದಲು ಆಗಬೇಕಾದ ಕೆಲಸ ಯಾವುದು ಎಂದು ನನ್ನನ್ನು ಕೇಳಿದರೆ, ಹೆಂಚು ಹೊದಿಸುವುದಕ್ಕಿಂತ ಮೊದಲು ಒಂದು ಪಾಯಖಾನೆ ಕಟ್ಟಿಸಿ ಎನ್ನುತ್ತೇನೆ. ಹಳ್ಳಿಯ ನಾಟಕಕ್ಕೆ ಹಾವೇರಿಯಿಂದ, ಗದಗಿನಿಂದ, ಹುಬ್ಬಳ್ಳಿಯಿಂದ ಪಾತ್ರ ಮಾಡಲು ಹೆಣ್ಣುಮಕ್ಕಳು ಬರುತ್ತಾರೆ. ಇಡೀ ರಾತ್ರಿ ರಾಣಿಯಾಗಿ, ತಾಯಿಯಾಗಿ, ಖಳನಾಯಕಿಯಾಗಿ ನಿಂತು ನಮ್ಮನ್ನು ಅಳಿಸುತ್ತಾರೆ, ನಗಿಸುತ್ತಾರೆ. ಸೀರೆ ಬದಲಿಸಲಿಕ್ಕೆ ಅವರಿಗೆ ಕದ ಮುಚ್ಚುವ ಕೋಣೆ ಇರುವುದಿಲ್ಲ. ಮಧ್ಯರಾತ್ರಿ ಕತ್ತಲಲ್ಲಿ ಇಬ್ಬರು ಮೂವರು ಜೊತೆಯಾಗಿ ಕೆರೆಯ ಏರಿಯ ಆಚೆ ಹೋಗಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಲವತ್ತು ವರ್ಷದ ಹಿಂದೆಯೂ ಕಂಡಿದ್ದೇನೆ, ಇತ್ತೀಚೆಗೂ ಕಂಡಿದ್ದೇನೆ. ಎರಡು ಲಗ್ನದ ಬಾಡಿಗೆಯಿಂದ ಈ ನಾಚಿಕೆ ಹೋಗುತ್ತದೆ ಎಂದಾದರೆ ಆ ಬಾಡಿಗೆಗೆ ನನ್ನ ಪೂರ್ಣ ಸಮ್ಮತಿ ಇದೆ. ಲಗ್ನಕ್ಕೆ ಬರುವ ಹೆಂಗಸರಿಗೂ ಅದು ಬೇಕೇಬೇಕು.

ಸದ್ದಿನ ವಿಷಯದಲ್ಲಿ ಕಾನೂನು ಆಗಲೇ ಇದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ಇದನ್ನು ರಾತ್ರಿ 12ರವರೆಗೆ ಸಡಿಲಿಸಬಹುದು. ಆ ಸಡಿಲಿಕೆ ಇರುವುದು ಜಾತ್ರೆ, ಹಬ್ಬಗಳಿಗೆ; ಖಾಸಗಿ ಕುಣಿತಕ್ಕಲ್ಲ. ಕೆರೆ ದಂಡೆಯ ಮೇಲಾದರೆ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಖಾಸಗಿ ಸಮಾರಂಭಕ್ಕೆ ಡಿಜೆ ಬೇಡವೇ ಬೇಡ ಎಂದು ಬರೆಯಬೇಕೆನ್ನುತ್ತೇನೆ. ಸನಾದಿ, ಕರಡಿ ಮಜಲು, ಜಾಂಜ್ ಮೇಳ ನಮ್ಮಲ್ಲೇ ಇವೆ. ಆ ಮೇಳದವರಿಗೂ ಒಂದು ದಿನದ ಕೂಲಿ ಸಿಗುತ್ತದೆ.

ಪ್ಲಾಸ್ಟಿಕ್ಕಿನ ತಾಟು, ಲೋಟ, ಫ್ಲೆಕ್ಸು, ಥರ್ಮಾಕೋಲು ಇವನ್ನು ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧ ಮಾಡಿದೆ. ಆದರೂ ಸಮಾರಂಭದ ಮರುದಿನ ಕೆರೆಯಲ್ಲಿ ತೇಲುವುದು ಅವೇ. ಊಟದ ಪಂಕ್ತಿ ಕೆರೆಯಂಗಳದಲ್ಲಿ ಬೇಡ, ಏರಿಯ ಈಚೆ ಇರಲಿ. ಬಾಳೆ ಎಲೆ, ಮುತ್ತಲೆಲೆಯ ಪತ್ರಾವಳಿ ಸಿಗದ ಊರು ನಮ್ಮ ಸೀಮೆಯಲ್ಲಿಲ್ಲ. ಉಂಡ ಎಲೆ ತಿಪ್ಪೆಗೆ ಹೋದರೆ ಗೊಬ್ಬರವಾಗುತ್ತದೆ. ಪಾತ್ರೆ ತೊಳೆದ ಜಿಡ್ಡಿನ ನೀರು ಕೆರೆಗೆ ಇಳಿಯಬಾರದು. ಅದೇ ನೀರನ್ನು ಮರುದಿನ ದನ ಕುಡಿಯುತ್ತವೆ.

ಇನ್ನು ಗೋಡೆ, ತೊಲೆ, ಕೊಂಡಿ, ರಾಟೆ. ಇವುಗಳಿಗೆ ಕೈ ಹಚ್ಚುವಂತಿಲ್ಲ. ಅಲಂಕಾರ ಮಾಡುವವರು ತಮ್ಮದೇ ಬೊಂಬು ನಿಲ್ಲಿಸಿ ಹಂದರ ಹಾಕಿಕೊಳ್ಳಲಿ, ಕಟ್ಟೆಗೆ ಒಂದು ಮೊಳೆಯೂ ಬೇಡ. ಬಾಡಿಗೆಗೆ ಕೊಡುವ ಮೊದಲು ಒಮ್ಮೆ, ಬಿಟ್ಟುಕೊಡುವಾಗ ಒಮ್ಮೆ, ಇಬ್ಬರೂ ಕೂಡಿ ನೋಡಿ ಸಹಿ ಹಾಕಬೇಕು. ಡಿಪಾಜಿಟ್ಟು ಇರುವುದು ಇದಕ್ಕೇ.

ಮರುದಿನ ಆ ಹುಡುಗನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾ, ಡಿಜೆ ಇಲ್ಲಂದ್ರ ಗೆಳ್ಯಾರು ಸಿಟ್ಟಾಗ್ತಾರ್ರಿ” ಎಂದ. “ಆಗ್ಲಿ ಬಿಡೋ ತಮ್ಮಾ, ಸಿಟ್ಟು ಎರಡ ದಿನ ಇರತೈತಿ” ಎಂದೆ. ಅವನ ಅವ್ವ ಹಿಂದಿನಿಂದ ಏನೋ ಹೇಳಿದ್ದು ಕೇಳಿಸಿತು. ಆಕೆಯ ತವರು ಅದೇ ಊರು. ಆಕೆಯ ಅಪ್ಪ ಆ ಕಟ್ಟೆಯ ಮೇಲೆ ಮೂರು ವರ್ಷ ದುರ್ಯೋಧನನ ಪಾತ್ರ ಮಾಡಿದವನು, ಅವನ ಹೆಸರೂ ಆ ಗೋಡೆಯ ಮೇಲಿತ್ತು. ಹುಡುಗ ಮತ್ತೆ ಮಾತಿಗೆ ಬಂದಾಗ ದನಿ ಬದಲಾಗಿತ್ತು. “ಅವ್ವ ಕೇಳಾಕತ್ತಾಳ್ರಿ ಕಾಕಾ, ಅಜ್ಜನ ಹೆಸರು ಇದ್ದ ಗ್ವಾಡಿ ಫೋಟೋ ಯಾರ ಕಡೆನರ ಐತೇನು ಅಂತ.”

ಯಾರ ಹತ್ತಿರವೂ ಇಲ್ಲ. ನನ್ನ ಹತ್ತಿರವೂ ಇಲ್ಲ. ನಾಳೆ ತೆಗೆದರಾಯಿತು ಎಂದುಕೊಂಡು ಎಲ್ಲರೂ ಬಿಟ್ಟೆವು.

ನಿಶ್ಚಯ ಕಾರ್ಯ ಅಲ್ಲೇ ಆಯಿತು. ಬೆಳಗಿನ ಹೊತ್ತು ಸನಾದಿಯವರನ್ನು ಕೂರಿಸಿ, ಮಧ್ಯಾಹ್ನ ಏರಿಯ ಈಚೆ ಎಲೆ ಹಾಕಿ, ಸಂಜೆ ಹೊತ್ತು ಮುಳುಗುವ ಮುಂದೆ ಫೋಟೋ ತೆಗೆಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಕಟ್ಟೆ ಗುಡಿಸಿ ಬಿಟ್ಟುಕೊಟ್ಟರು. ಬಾಡಿಗೆಯ ಜೊತೆಗೆ ಆ ಅವ್ವ ತನ್ನ ಅಪ್ಪನ ಹೆಸರಿನಲ್ಲಿ ಕಿತ್ತುಹೋದ ರಾಟೆಯನ್ನು ಕೂರಿಸಿಕೊಟ್ಟಳು. ಹೊಸ ಹಗ್ಗವನ್ನು ಹಿಡಿದು ಒಮ್ಮೆ ಎಳೆದು ನೋಡಿದೆ. ಸರಾಗವಾಗಿ ಓಡುತ್ತದೆ.

ಹಳೆಯದು, ಐತಿಹಾಸಿಕ ಎಂದು ನಾವು ಬಾಯಿಮಾತಿನಲ್ಲಿ ಹೇಳಿದರೆ ಪಂಚಾಯತಿಯವರು ಪುರಾವೆ ಕೇಳುತ್ತಾರೆ, ಕೇಳಬೇಕಾದದ್ದೇ. ಗೋಡೆಯ ಮೇಲಿನ ಪುರಾವೆ ಹೋಯಿತು. ಉಳಿದಿರುವುದು ಹ್ಯಾಂಡಬಿಲ್ಲುಗಳು. ತಡಸ, ಶಿಗ್ಗಾವಿ, ಹಾನಗಲ್, ಸವಣೂರು, ಹಿರೇಕೆರೂರು ಸೀಮೆಯ ಕೇಳುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ, ಹಳೆಯ ಪಂಚಾಂಗದ ನಡುವೆ ಕೆಂಪು, ಹಸಿರು, ಹಳದಿ ಕಾಗದದ ನಾಟಕದ ಹ್ಯಾಂಡಬಿಲ್ಲು ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಅದರಲ್ಲಿ ಊರಿನ ಹೆಸರಿದೆ, ತಾರೀಖಿದೆ, ‘ಕೆರೆಯ ದಂಡೆಯ ಭವ್ಯ ರಂಗಸಜ್ಜಿಕೆಯಲ್ಲಿ’ ಎಂಬ ಮಾತಿದೆ, ಪಾತ್ರವರ್ಗದಲ್ಲಿ ನಿಮ್ಮ ಅಜ್ಜನ, ಕಾಕಾನ ಹೆಸರಿದೆ. ಒಂದು ಫೋಟೋ ತೆಗೆದಿಡಿ. ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿ. ನಿಮ್ಮೂರ ಕಟ್ಟೆಯ ಗೋಡೆಯ ಮೇಲೆ ಇನ್ನೂ ಹೆಸರುಗಳಿದ್ದರೆ, ಮುಂದಿನ ಬಾಡಿಗೆಯ ಪಾವತಿ ಹರಿಯುವ ಮೊದಲು, ಇವತ್ತೇ ಹೋಗಿ ಅದರ ಫೋಟೋ ತೆಗೆದುಕೊಂಡು ಬನ್ನಿ.